ಮೊದಲು ಋಣ

ಹಳೆಯ ಜಲ್ಲಿ ಗುಂಡಿಯಲ್ಲಿ ನಮ್ಮ ರೇಸು.
ಅಂಚಿನ ಪೈನ್ ಮರಗಳಿಗೆ ಮೊಣಕಾಲಿನವರೆಗೂ ಧೂಳು.
ಮೇ ತಿಂಗಳಾದರೂ ನೆರಳಲ್ಲಿ ಒಂದು ಹಿಡಿ ಕೊಳಕು ಹಿಮ.
ಸಾಸೇಜು ಸುಡುವ ಡೇರೆಯ ಬಳಿ ಔಲಿಸ್ ಹೇಳಿದ:
"ನಿನ್ನ ಕೊರೊಲಾಗೆ ಮೂಗು ಭಾರ, ಇರ್ಮೆಲಿ.
ತಿರುವಿನಲ್ಲಿ ಹಿಂದಿನ ಗಾಲಿಗಳು ಸುಮ್ಮನೆ ಗಾಳಿ ಕಡೆಯುತ್ತವೆ."
ಅವನ ಒಂದು ವಾರದ ಮಾತು ಅಲ್ಲಿಗೆ ಖರ್ಚಾಯಿತು.

ಅದೇ ಮಧ್ಯಾಹ್ನ ಯಾರದೋ ವೋಲ್ವೊ
ಎದುರಿಗೆ ತಿರುಗಿ ಬಂದು ಗುದ್ದಿ
ಬ್ಯಾಟರಿಯ ಹೊಟ್ಟೆ ಒಡೆಯಿತು.
ಹುಳಿ ವಾಸನೆ. ಬಾನೆಟ್ಟಿನ ಬಣ್ಣ ಹೆಕ್ಕಳಿಕೆಯಾಗಿ ಎದ್ದಿತ್ತು.

ಸರಿ, ಹದಿಮೂರು ಕಿಲೋ ಸೀಸವನ್ನು
ಮುಂದಿನಿಂದ ಹಿಂದಕ್ಕೆ ಒಯ್ಯುವುದು.
ಹೇಳಿದರೆ ಒಂದು ವಾಕ್ಯ,
ಮಾಡಿದರೆ ಹನ್ನೊಂದು ಸಂಜೆ.
ಶಾಲೆಯ ಬಸ್ಸು ನಿಲ್ಲಿಸಿ, ಸೀಟಿನಡಿಯ
ಒಂಟಿ ಕೈಗವಸುಗಳನ್ನೆಲ್ಲ ಹೆಕ್ಕಿಟ್ಟು
ನಾಲ್ಕೂವರೆಗೆ ಗ್ಯಾರೇಜು.

ಔಲಿಸ್ ಪೆಟ್ಟಿಗೆಗೆ ಬೆಸುಗೆ ಹಾಕಿದ.
ನಾನು ತಗಡಿಗೆ ತೂತು ಕೊರೆದು
ತೂತಿಗೊಂದು ರಬ್ಬರಿನ ಬಳೆ ತೊಡಿಸಿದೆ.
ಇಲ್ಲದಿದ್ದರೆ ಕಬ್ಬಿಣ ತಂತಿಯನ್ನು ಮೆಲ್ಲುತ್ತದೆ,
ಇಲಿಗಿಂತ ತಾಳ್ಮೆಯಿಂದ.
ಪೆಟ್ರೋಲ್ ಕೊಳವೆ ಎಡಕ್ಕೆ, ತಂತಿ ಬಲಕ್ಕೆ:
ಒಂದೇ ಚಾವಡಿಯಲ್ಲಿ ಕೂರಿಸಬಾರದ ನೆಂಟರು.

ಧನದ ತಂತಿ ಉದ್ದ.
ಹೆಬ್ಬೆರಳು ಗಾತ್ರ, ಕೆಂಪು, ನಾಲ್ಕೂವರೆ ಮೀಟರು.
ಅದರ ಬೆಲೆ ಕೇಳಿ ಅಂಗಡಿಯಿಂದ ಒಮ್ಮೆ ಹೊರಗೆ ಬಂದು
ಮತ್ತೆ ಒಳಗೆ ಹೋದೆ.
ಋಣದ್ದು ಗೇಣುದ್ದ ಸಾಕು.
ಹತ್ತಿರದ ಕಬ್ಬಿಣದ ಬಣ್ಣ ಕೆರೆದು
ಹೊಳೆಯುವ ತನಕ ಉಜ್ಜಿ ಅಲ್ಲೇ ಬಿಗಿದರೆ
ಇಡೀ ಕಾರೇ ಋಣ.
ಬಾಗಿಲು, ಚಾಸಿ, ಕುಳಿತ ಸೀಟಿನಡಿಯ ಕಂಬಿ,
ಕೈಯಿಟ್ಟಲ್ಲೆಲ್ಲ ಋಣ.

"ಕಳಚುವಾಗ ಮೊದಲು ಋಣ.
ಜೋಡಿಸುವಾಗ ಕೊನೆಗೆ ಋಣ."
ಔಲಿಸ್ ದಿನಾ ಅಂದ. ನಾನೊಂದು ದಿನ ಮರೆತೆ.
ಧನದ ಬೋಲ್ಟಿನ ಮೇಲಿದ್ದ ಸ್ಪ್ಯಾನರು ತಗಡಿಗೆ ತಾಗಿ
ಛಟ್! ಗ್ಯಾರೇಜೆಲ್ಲ ಒಂದು ಕ್ಷಣ ನೀಲಿ.
ಆ ಸ್ಪ್ಯಾನರು ಈಗಲೂ ಗೋಡೆಯಲ್ಲಿದೆ,
ಒಂದು ಹಲ್ಲು ಮುಕ್ಕಾದ ಬಾಯಿ.

ಜೂನ್ ರೇಸಿನಲ್ಲಿ, ನೀರಿನ ಟ್ಯಾಂಕಿನ ತಿರುವಿನಲ್ಲಿ,
ಹಿಂದಿನ ಗಾಲಿಗಳು ಜಲ್ಲಿಯನ್ನು ಕಚ್ಚಿದವು.
ಕಚ್ಚಿದ್ದು ಬೆನ್ನಿಗೆ ಗೊತ್ತಾಯಿತು, ಕಣ್ಣಿಗಲ್ಲ.
ಆರು ಕಾರಿನಲ್ಲಿ ನಾನು ನಾಲ್ಕನೆಯವಳು.
ಔಲಿಸ್ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ.

ಆದರೆ ನಮ್ಮ ಆಟಕ್ಕೊಂದು ಕಾನೂನುಂಟು:
ರೇಸು ಮುಗಿದ ಮೇಲೆ ಯಾರು ಬೇಕಾದರೂ
ನಿಗದಿ ಬೆಲೆ ಇಟ್ಟು ನಿಮ್ಮ ಕಾರು ಕೇಳಬಹುದು.
ಒಲ್ಲೆ ಎಂದರೆ ಪರವಾನಗಿ ಹೋಯಿತು.
ಕಾರಿಗೆ ಯಾರೂ ದುಡ್ಡು ಸುರಿಯದಿರಲೆಂದು
ಹಿರಿಯರ ಉಪಾಯ. ದುಡ್ಡು ಸರಿ;
ಹನ್ನೊಂದು ಸಂಜೆಗಳನ್ನು ಬರೆಯಲು
ಆ ಫಾರಮ್ಮಿನಲ್ಲಿ ಜಾಗವಿಲ್ಲ.

ಮೂವರು ಕೇಳಿದರು. ಕಾಫಿ ಡಬ್ಬಿಯಿಂದ ಚೀಟಿ ಎತ್ತಿದರು.
ವಿಲ್ಯಾ, ಹದಿನಾರು ವರ್ಷ.
ನನ್ನ ಬಸ್ಸಿನ ಕಟ್ಟಕಡೆಯ ನಿಲ್ದಾಣದವಳು,
ಆರು ವರ್ಷ ಹಿಂದಿನ ಸೀಟಲ್ಲಿ ಒಂದು ಮಾತೂ ಆಡದವಳು.
ಕಾಡುಹಣ್ಣು ಮಾರಿದ ನೋಟುಗಳು, ಬೆರಳಿನ ನೀಲಿ ಹತ್ತಿದವು.
ಬಾನೆಟ್ಟು ಎತ್ತಿ ಖಾಲಿ ಜಾಗ ನೋಡಿ ಬೆಚ್ಚಿದಳು:
"ಬ್ಯಾಟರಿ ಕದ್ದಿದ್ದಾರೆ!"

ಕೈ ಹಿಡಿದು ಹಿಂದಕ್ಕೆ ಕರೆದೊಯ್ದೆ.
ಪೆಟ್ಟಿಗೆ, ಪಟ್ಟಿ, ರಬ್ಬರಿನ ಬಳೆ, ಕೆಂಪು ತಂತಿ
ಒಂದೊಂದಾಗಿ ಮುಟ್ಟಿಸಿದೆ.
ಕಳಚುವಾಗ ಮೊದಲು ಯಾವುದು, ಹೇಳು?
ಮೂರು ಸಲ ಹೇಳಿಸಿದೆ.
ಮೂರನೆಯದು ನನಗೇ ಬೇಕಿತ್ತೇನೋ.

ಮನೆಗೆ ಮರಳುವಾಗ ವ್ಯಾನಿನ ಹಿಂದೆ ಖಾಲಿ ಟ್ರೈಲರು
ಗುಂಡಿ ಸಿಕ್ಕಲ್ಲೆಲ್ಲ ಎಗರಿ ಬೊಬ್ಬೆ ಹಾಕಿತು.
ಹೆಲ್ಮೆಟ್ಟು ಮಡಿಲಲ್ಲಿ.
ಇಪ್ಪತ್ತು ಕಿಲೋಮೀಟರು ಕಳೆದ ಮೇಲೆ
ಔಲಿಸ್ ಗಂಟಲು ಸರಿಮಾಡಿಕೊಂಡ:
"ನಮ್ಮ ಕೊಟ್ಟಿಗೆಯ ಹಿಂದೆ ಒಂದು ನಿಂತಿದೆ.
ಅದಕ್ಕೂ ಮೂಗು ಭಾರ."