ಹನ್ನೊಂದು ಗಂಟು

ಹಾಸನೂರು ನರ್ಸರಿಯ ರಿಜಿಸ್ಟರಿನಲ್ಲಿ
ಅದು ವೇಂಗೈ. ನಮ್ಮ ಬಾಯಲ್ಲಿ ಹೊನ್ನೆ.
"ನೆಟ್ಟಗಿನ ಮರ ಒಂದೇ ಸಾಕು,
ಬಿಳಿ ಪಟ್ಟೆ ಬಳಿದಿದೆ, ಅದರ ಬೀಜ ತಾ"
ಎಂದಿದ್ದರು ರೇಂಜರು.

ಕುಂಬಮ್ಮ ತಂದದ್ದು ಹನ್ನೊಂದು ಗಂಟು.
ಸೀರೆಯ ಚೂರು, ಹಾಲಿನ ಕವರು,
ಮಗನ ಹಳೇ ಕಾಲುಚೀಲ.
ಬಿಚ್ಚಿ ಸುರಿದಳು: ರೆಕ್ಕೆಯಂಚಿನ ದುಂಡು ಕಾಯಿ,
ಚಲಾವಣೆ ತಪ್ಪಿದ ನಾಣ್ಯ.

"ಇದು ಕುಂಟಂದು. ಆನೆ ಮುರುದ್ರೂವೆ ಕಾಯಿ ಬುಡ್ತದ.
ಇದು ಸೋಂಬೇರಿದು,
ಮಿಕ್ಕವೆಲ್ಲ ಉದುರ್ಸುದ್ಮೇಲ ಇದ್ಕ ಹೂವು.
ಇದು ಬೆಂಕಿ ಕಂಡದ್ದು.
ಇದ್ರ ಗುಣ ಗೊತ್ತಿಲ್ಲ ಸಾಮಿ,
ಗೊತ್ತಿಲ್ಲ ಅಂತ್ಲೇ ತಂದಿವ್ನಿ."

ನಾನು ಕಾವಲುಗಾರ. ಚೀಟಿ ಇದ್ದದ್ದು ಒಂದು.
ಒಂದೇ ಹೆಸರು ಬರೆದು
ಹನ್ನೊಂದನ್ನೂ ಬಿತ್ತಿದೆ.

ಹತ್ತನೇ ದಿನ ಕೆಲವು ಎದ್ದವು,
ಇಪ್ಪತ್ತಕ್ಕೆ ಇನ್ನಷ್ಟು,
ಒಂದು ಸಾಲಿನಲ್ಲಿ ಮಾತ್ರ ಬರೀ ಮಣ್ಣು.
ರೇಂಜರು ಬೂಟಿನ ತುದಿಯಲ್ಲಿ ತೋರಿಸಿದರು:
"ಸತ್ತಿದೆ. ಆಚೆ ಸುರಿ."

ಕುಂಬಮ್ಮ ಮಣ್ಣಿನ ಮೇಲೆ ಅಂಗೈ ಇಟ್ಟಳು,
ಕೂಸಿನ ಜ್ವರ ನೋಡುವವಳಂತೆ.
"ಮೊದಲ್ನೆ ಮಳಯ ನಂಬದಿಲ್ಲ ಇದು."

ಇವತ್ತಿಗೆ ನಲವತ್ತಾರನೇ ದಿನ.
ಆ ಸಾಲಿಗೂ ಒಂದು ಚೊಂಬು ನೀರು ಹಾಕಿದೆ,
ಲೆಕ್ಕದ ಪುಸ್ತಕ
ಮುಚ್ಚಿದ ಮೇಲೆ.