ಅಳತೆ ಸ್ಥಳದಲ್ಲಿ

ಕೊತ್ತನೂರಿನಲ್ಲಿ ಜಡೆ ಹೆಣೆಯುವ ಅಂಗಡಿ, ಬೆನಿನ್ ದೇಶದ ಅಫಿಯಾವಿಯದು.
ಒಂದು ತಲೆಗೆ ಆರು ಗಂಟೆ. ಸುಮ್ಮನೆ ಮಾತಾಡುವಾಗಲೂ
ಆಕೆಯ ಬೆರಳುಗಳು ಗಾಳಿಯಲ್ಲಿ ಮೂರೆಳೆ ಹಿಡಿದೇ ಇರುತ್ತವೆ.
"ನಮ್ಮ ವೊದುನ್ ದೇವರುಗಳಿಗೆ ಒಂದು ಮನೆ ಬೇಕು," ಅಂದಳು,
"ಹಳೆಯದರ ನಕಲು ಬೇಡ. ಈ ಊರಿನದಾಗಲಿ, ಈ ಕಾಲದ್ದಾಗಲಿ."

ಸೈಟು ಮೂವತ್ತು ನಲವತ್ತು, ಗುತ್ತಿಗೆ ಒಂಬತ್ತು ವರ್ಷ,
ಬಾಗಲೂರು ರಸ್ತೆಯಿಂದ ಒಳಗೆ, ಹಾಲೋಬ್ಲಾಕ್ ಫ್ಯಾಕ್ಟರಿಯ ಬೆನ್ನಿಗೆ.
ಯಜಮಾನಿ ಗೌರಕ್ಕ ಕೇಳಿದ್ದು ಒಂದೇ:
"ಕೋಳಿ ಬೀಳ್ತದಾ?"
ನಾನು ತಡವರಿಸಿದೆ. ಮೇಸ್ತ್ರಿ ಅಂಜಿನಪ್ಪ ಬೀಡಿ ತೆಗೆದು ಹೇಳಿದ:
"ನಮ್ ಮುನೇಶ್ವರನ್ಗೆ ಬೀಳಲ್ವೇನಕ್ಕ? ಚುಟ್ಟಾನೂ ಸೇದ್ತಾನೆ."
ಅಲ್ಲಿಗೆ ಆ ಮಾತು ಮುಗಿಯಿತು. ಅಡ್ವಾನ್ಸ್ ಮಾತ್ರ ಇಳಿಯಲಿಲ್ಲ.

ಮೊದಲ ನಕ್ಷೆ ನನಗೇ ಇಷ್ಟವಾಗಿತ್ತು.
ಬೋಳು ಕಾಂಕ್ರೀಟು, ಸೂರಿನಲ್ಲೊಂದು ಸೀಳು,
ಮಧ್ಯಾಹ್ನ ಹನ್ನೆರಡಕ್ಕೆ ನೆಲದ ಮೇಲೆ ಹಾವಾಗಿ ಹರಿಯುವ ಬಿಸಿಲು.
ದಾನ್ ಎಂಬ ಅವರ ನಾಗನಿಗೆಂದು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ.
ಅಫಿಯಾವಿ ನೋಡಿದಳು. ಹಾಳೆ ತಿರುಗಿಸಿ ಮತ್ತೆ ನೋಡಿದಳು.
"ಚೆನ್ನಾಗಿದೆ. ಬಾಗಿಲಲ್ಲಿ ಲೆಗ್ಬಾ ಎಲ್ಲಿ?"

ಲೆಗ್ಬಾ ಮಣ್ಣಿನ ದಿಬ್ಬ. ಹೊಸ್ತಿಲ ಮುದುಕ.
ಎಲ್ಲ ದೇವರ ಭಾಷೆ ಬಲ್ಲವನು, ಮೊದಲ ತುತ್ತು ಅವನದು.
ತಪ್ಪಿದರೆ ಹೊರಗಿನ ಮಾತು ಒಳಗಿನವರಿಗೆ ಮುಟ್ಟುವುದಿಲ್ಲ.
ನಾನಲ್ಲಿ ಚಪ್ಪಲಿ ಸ್ಟ್ಯಾಂಡ್ ಬರೆದಿದ್ದೆ.

ಆಮೇಲೆ ಒಂದೊಂದೇ ಅಳಿಸುತ್ತ ಹೋದೆ.
ಗ್ರಾನೈಟ್ ಬೇಡ, ಎಣ್ಣೆ ನೆಲಕ್ಕೆ ಇಂಗಬೇಕು.
ಇಳಿಜಾರು ಬೇಡ, ಸುರಿದದ್ದು ಸುರಿದಲ್ಲೇ ಇರಬೇಕು.
ಹದಿನೇಳು ವರ್ಷ ನೀರನ್ನು ಹೊರಗಟ್ಟುವುದನ್ನೇ ಕಲಿತವಳು
ನೆಲಕ್ಕೆ ಕುಡಿಯಲು ಬಿಡುವುದು ಹೇಗೆಂದು
ಅಂಜಿನಪ್ಪನನ್ನು ಕೇಳಿದೆ. ಅವನು ನಕ್ಕ.

ಎಣ್ಣೆ ಎಂದರೆ ತಾಳೆಯ ಕೆಂಪೆಣ್ಣೆ.
ಇಲ್ಲಿಯ ಪಾಮೆಣ್ಣೆ ತಂದು ತೋರಿಸಿದೆ.
ಬಾಟಲಿಯನ್ನು ಬೆಳಕಿಗೆ ಹಿಡಿದು
ಜ್ವರದ ಮಗುವನ್ನು ನೋಡುವ ಹಾಗೆ ನೋಡಿ
"ಇದರ ರಕ್ತ ಯಾರು ತೆಗೆದರು?" ಅಂದಳು.
ತಂಗಿ ವಿದಾ ಊರಿನಿಂದ ಕಳಿಸಿದ ಒಂದು ಜಾಡಿ ಇತ್ತು.
ಮುಚ್ಚಳ ತೆರೆಯುವಾಗ ಒಂದು ಹನಿ ನಕ್ಷೆಯ ಮೇಲೆ ಬಿತ್ತು.

ಗೋಡೆಯ ವಿಷಯಕ್ಕೆ ಜಗಳವೇ ಆಯಿತು.
"ಈ ಬಣ್ಣ ಬಳಿದರೆ ಹದಿನೈದು ವರ್ಷ ಕೈ ಹಚ್ಚಬೇಕಿಲ್ಲ,"
ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದೆ.
ಆಕೆಯ ಬೆರಳುಗಳು ನಿಂತವು.
"ಹದಿನೈದು ವರ್ಷ ಯಾರೂ ಮುಟ್ಟದ ಗೋಡೆಯೊಳಗೆ
ಯಾವ ದೇವರು ಕೂತೀತು?
ವರ್ಷ ವರ್ಷ ಸುಣ್ಣ ಉದುರಬೇಕು.
ನಾವು ಬರಬೇಕು. ಏಣಿಗಾಗಿ ಕಿತ್ತಾಡಬೇಕು.
ಮಕ್ಕಳು ಮೈಗೆಲ್ಲ ಬಳಿದುಕೊಳ್ಳಬೇಕು."
ಕ್ಯಾಟಲಾಗನ್ನು ಚೀಲಕ್ಕೆ ಹಾಕಿಕೊಂಡೆ.
ನನ್ನ ಮನೆಯ ಗೋಡೆ ನೆನಪಾಯಿತು:
ಮಗಳ ಎತ್ತರ ಗುರುತಿಸಿದ ಪೆನ್ಸಿಲ್ ಗೀಟುಗಳು
ಒಂದು ಒದ್ದೆ ಬಟ್ಟೆಗೆ ಸಲೀಸಾಗಿ ಹೋಗಿದ್ದವು.

ಕಡೆಯ ನಕ್ಷೆಯಲ್ಲಿ ಉಳಿದದ್ದು ಕಡಿಮೆ.
ಮಣ್ಣಿಟ್ಟಿಗೆಯ ನಾಲ್ಕು ಗೋಡೆ, ತಗ್ಗು ಬಾಗಿಲು,
ಆ ಬಿಸಿಲಿನ ಸೀಳು
(ಅದನ್ನು ತೆಗೆಸಲಿಲ್ಲ, ಹಾವಿಗೂ ಒಂದು ಮೋಜು ಬೇಕು ಎಂದಳು),
ಹೊಸ್ತಿಲ ಮುಂದೆ ಒಂದು ಖಾಲಿ ವೃತ್ತ.
ದಿಬ್ಬ ಎಷ್ಟೆತ್ತರ?
ಅಂದಿನ ಮಣ್ಣು, ಅಂದಿನ ಕೈ ಹೇಳಬೇಕಂತೆ.
ಹುತ್ತದ ಮಣ್ಣು ಬೇಕಾದರೆ ಹೇಳಿಯೇ ತರುತ್ತೇನೆ ಎಂದ ಅಂಜಿನಪ್ಪ.
ಯಾರಿಗೆ ಹೇಳುತ್ತಾನೋ, ನಾನು ಕೇಳಲಿಲ್ಲ.

ವಾರ್ಡ್ ಕಚೇರಿಯ ಗುಮಾಸ್ತ ಪೆನ್ನಿನಿಂದ ವೃತ್ತವನ್ನು ಕುಟ್ಟಿದ:
"ಇದೇನ್ ಮೇಡಂ, ಖಾಲಿ? ಅಳತೆ ಹಾಕಿ."
ಪ್ರತಿ ಹಾಳೆಯ ಮೂಲೆಯಲ್ಲೂ ನಾವು ಬರೆಯುವ,
ಯಾರೂ ಓದದ ಸಾಲನ್ನು
ಅಲ್ಲೇ ನಿಂತು ವೃತ್ತದೊಳಗೆ ಬರೆದೆ: ಅಳತೆ ಸ್ಥಳದಲ್ಲಿ.
ಎಣ್ಣೆ ಬಿದ್ದ ಕಡೆ ಹಾಳೆ ತೆಳ್ಳಗೆ ಬೆಳಗುತ್ತಿತ್ತು,
ಅದರೊಳಗಿಂದ ಅವನ ಮೇಜಿನ ಮರದ ಗೆರೆಗಳು ಕಾಣುತ್ತಿದ್ದವು.
ಸರಿಯಾಗಿ ಅದರ ಮೇಲೇ ಮೊಹರು ಒತ್ತಿದ.
ಶಾಯಿ ಹಿಡಿಯಲಿಲ್ಲ.
ಇನ್ನೊಮ್ಮೆ ಒತ್ತಿದ.