ಕಟ್ಟಿಗಿ ತತ್ತಿ

ಮೂರನೇ ದಿನಾನೂ ಬುಟ್ಟ್ಯಾಗ ತತ್ತಿ ಇಲ್ಲ.
ಹುಲ್ಲು ಒದ್ದಿ, ಗೋಣಿತಾಟಿಗೆ ಹಳದಿ ಕಲಿ,
ಕೊಕ್ಕಿಗೆ ಮೆತ್ತಿದ್ದು ಒರಸಿಕೊಳ್ಳದ
ಕೆಂದಿ ನಿಂತಾಳ ಕತ್ತು ಡೊಂಕು ಮಾಡಿ,
ನಾನಲ್ಲವ್ವ ಅಂಬೋರ ಹಂಗ.

ಅತ್ತಿ ಅಂದಳು, ರುಚಿ ಹತ್ತೇತಿ ಅದಕ್ಕ.
ಹತ್ತಿದ ರುಚಿ ಬಿಡಂಗಿಲ್ಲ.
ಐತಾರ ಬರಲಿ, ಒಲಿ ಮ್ಯಾಲ ಏರಸೂನು.
ಎರಡು ಐತಾರ ತಡಿ ಅತ್ತಿ, ಅಂದೆ.

ಬಾಜೂಮನಿ ಖಾಜಾಬಿ ಅಂದಳು,
ಚಾಕು ಕಾಸಿ ಕೊಕ್ಕಿನ ತುದಿ ತೆಗದುಬಿಡು.
ಮನಸಾಗಲಿಲ್ಲ.
ಸಂತ್ಯಾಗಿಂದ ಒಂದು ತತ್ತಿ ತಂದು ತೂತು ಹಾಕಿ
ಒಳಗಿಂದು ಊದಿ ತೆಗದು
ಗುಂಟೂರು ಖಾರ ಕಲಸಿ ತುಂಬಿ
ಮೈದಾದಿಂದ ಬಾಯಿ ಮುಚ್ಚಿ ಇಟ್ಟೆ.
ಕೆಂದಿ ಒಡದಳು, ತಿಂದಳು, ಇನ್ನೇನೈತಿ ಅಂತ ನೋಡಿದಳು.
ಕೋಳಿಗೆ ಖಾರ ಹತ್ತೂದಿಲ್ಲಂತ,
ತಿಳದದ್ದು ಆಮ್ಯಾಲ.
ಸೀನಿದ್ದು ನಾನು, ಅತ್ತಿ, ಖಾಜಾಬಿಯ ಬೆಕ್ಕು.

ಮರುದಿನ ಕಾದು ಕುಂತೆ. ಒಳಗ ಹಾಲು ಉಕ್ಕಿತು.
ಕೊಕ್ಕೊಕ್ಕೋ ಅಂದದ್ದಽ ತಡ ಓಡಿ ಕೈ ಹಾಕಿದರ
ಬಿಸಿ ತತ್ತಿ, ಹೆಬ್ಬಟ್ಟು ತಾಕಿದ್ದಕ್ಕಽ
ಒಳಗ ಕುಸೀತು.
ಸಿಪ್ಪಿ ಅಂಬೂದು ಉಳ್ಳಾಗಡ್ಡಿ ಪದರು.

ಅಲ್ಲೇ ಕುಕ್ಕರಗಾಲಿಲೆ ಕುಂತುಬಿಟ್ಟೆ.

ಇಪ್ಪತ್ತೆರಡು ವರ್ಷ ಆತು.
ಐದು ತಿಂಗಳ ಬಸುರಿ ಆವಾಗ.
ಮೈದುನ ರಾಮಣ್ಣನ ಪಾಟಿಚೀಲದಾಗ
ದಿನಕ್ಕೊಂದು ಬಳಪ ಕಳೀತಿತ್ತು.
ಸಾಲ್ಯಾಗ ಮಾಸ್ತರ ಹೊಡೀತಿದ್ರು,
ಮನ್ಯಾಗ ಅತ್ತಿ ಹೊಡೀತಿದ್ದಳು.
ನಡಮನಿ ಕತ್ತಲದಾಗ ನಾನು
ಕಟುಂ ಕಟುಂ.
ತಪ್ಪಂತ ನನಗ ಗೊತ್ತಿತ್ತು, ಹಲ್ಲಿಗೆ ಗೊತ್ತಿರಲಿಲ್ಲ.
ಬಳಪ ಸಿಗದ ದಿನ
ಗ್ವಾಡಿ ಸುಣ್ಣದ ಹೆಕ್ಕಳ ಉಗುರಿಲೆ ಎಬ್ಬಿಸಿ ತಿಂದೀನಿ.
ಯಾರ ಮುಂದ ಹೇಳಲಿ,
ಒಳಗೊಂದು ಮನಿ ಕಟ್ಟಲಿಕ್ಕತ್ತೀನಿ,
ಗಾರಿ ಸಾಲವಲ್ದು ಅಂತ?
ಆಮ್ಯಾಲಾಮ್ಯಾಲ ಮಾಡದಾಗಽ ಬಳಪ ಸಿಗತಿದ್ದವು.
ಮಳ್ಳ ಹುಡುಗ, ಮರತು ಇಟ್ಟಾನ ಅಂದುಕೊಂಡೆ.

ಕೆಂದಿಗೆ ಬೇಕಾದದ್ದು ಹಳದಿ ಅಲ್ಲ,
ಗ್ವಾಡಿ.

ಓಣಿ ತುಂಬ ತಿರುಗಿ ಸಿಪ್ಪಿ ಬೇಡಿದೆ.
ಹಂಚಿನ್ಯಾಗ ಹುರದು, ತತ್ತಿ ಅಂತ ಗುರ್ತು ಸಿಗದಂಗ
ನುಣ್ಣಗ ಕುಟ್ಟಿ ಜ್ವಾಳದ ನುಚ್ಚಿನ್ಯಾಗ ಕಲಸಿದೆ.
ಹಳ್ಳದ ಕಪ್ಪಿಚಿಪ್ಪು ಆರಿಸಿ ತಂದೆ.
ಬುಟ್ಟಿ ಬಾಯಿಗೆ ಗೋಣಿ ಇಳಿಬಿಟ್ಟು
ಬಾಣಂತಿ ಕ್ವಾಣಿ ಹಂಗ ಕತ್ತಲ ಮಾಡಿದೆ.
ಮತ್ತ ಚಟ? ಅತ್ತಿ ಕೇಳಿದಳು.

ಚಿತ್ರಗಾರ ಕಿಷ್ಟಪ್ಪನ ಹಂತೇಕ ಹೋದೆ.
ನಮ್ಮ ಕಿನ್ನಾಳದಾಗ ಕಟ್ಟಿಗಿ ಬಾಯಿ ಬಿಡೂದು
ಅವನಂಥವರ ಕೈಯಾಗ ಅಷ್ಟಽ.
ನಕ್ಕ ಮಾರಾಯ.
ಗೌರಿ ಮಾಡೀನಿ, ಗರುಡನ್ನ ಮಾಡೀನಿ,
ತೊಟ್ಟಲಕ್ಕ ಗಿಳಿ ಮಾಡೀನಿ,
ತತ್ತಿ ಮಾಡು ಅಂದಾಕಿ ನೀನಽ ಮೊದಲು.
ಪೊಳಕಿ ಕಟ್ಟಿಗಿ ಹಗೂರ ಆದೀತಂತ
ಒಳಗೊಂದು ಹಳ್ಳು ಹುಗದ,
ಹುಣಸಿಬೀಜದ ಸರಿ ಬಳದ, ಬಿಳೀದು ಹಚ್ಚಿ ತಿಕ್ಕಿದ.
ಬಣ್ಣ? ಅಂದ. ಬ್ಯಾಡ, ಅಂದೆ.
ಮನೀಗೆ ತಂದು ಹೊಳ್ಳಿಸಿದರ
ಬುಡಕ್ಕ ಸಾಸಿವಿಯಷ್ಟು ಒಂದು ಕೆಂಪು ಹೂವು.
ಕೈ ಸುಮ್ಮನಿರಂಗಿಲ್ಲ ಅವಂದು.

ಕೆಂದಿ ಕುಟ್ಟಿದಳು. ಟಕ್.
ಆ ಕಡೆ ಬಂದು ಟಕ್.
ಹದಿನಾಲ್ಕರ ತನಕ ಎಣಿಸಿದೆ.
ಆಮ್ಯಾಲ ಎದ್ದು,
ನನ್ನ ಮಾರಿ ನೋಡಲಾರದಽ
ನುಚ್ಚಿನ ಪರಿಯಾಣದ ಕಡೆ ನಡದಳು.

ಹನ್ನೊಂದನೇ ದಿನ ಬುಟ್ಟ್ಯಾಗ ಎರಡು ತತ್ತಿ.
ಒಂದರ ಬುಡಕ್ಕ ಹೂವಿಲ್ಲ.

ಅತ್ತಿ ಅದನ್ನ ಉಗುರಿಲೆ ಬಡದು ನೋಡಿದಳು.
ಎಲಿಗೆ ಸುಣ್ಣ ಸವರಕೋತ, ಎಲಿ ಕಡೇನಽ ನೋಡಕೋತ ಅಂದಳು:
ರಾಮಣ್ಣಗ ಹೊಡದದ್ದು ನಾಕು ದಿನ.
ಐದನೇ ದಿನದಿಂದ
ಮಾಡದಾಗ ಬಳಪ ಇಡತಿದ್ದಾಕಿ ನಾನು.
ಒಂದಿನ ಎರಡು ಇಟ್ಟರ ಎರಡೂ ತಿಂದಿ.

ಎರಡನೇ ಐತಾರ ಬಂತು.
ಒಲಿ ಮ್ಯಾಲ ಬದನಿಕಾಯಿ ಎಣಗಾಯಿ.